ಪಾಡ್‌ನಿಂದ ಆಫೀಸ್ ಡೇಟಾಬೇಸ್‌ಗೆ ಹೊರಟ ಪ್ಯಾಕೆಟ್ ದಾರೀಲೇ ಮಾಯ ಆಗ್ತಿದೆ, ಯಾರಾದ್ರೂ ನೋಡಿದೀರಾ?

ತುಮಕೂರಿನವ | ಸೋಮವಾರ, ರಾತ್ರಿ 9:52

ನಮಸ್ಕಾರ ಎಲ್ರಿಗೂ. ಮೂರು ದಿನದಿಂದ ಇದೊಂದೇ ಕೆಲಸ, ಇನ್ನೂ ಬಗೆಹರಿದಿಲ್ಲ. ಬುಧವಾರ ಮ್ಯಾನೇಜರ್‌ಗೆ ಡೆಮೊ ಬೇರೆ ಇದೆ.

ಕುಬರ್ನೆಟಿಸ್ ಕ್ಲಸ್ಟರ್ (ಅಪ್ಲಿಕೇಶನ್‌ಗಳನ್ನ ಪಾಡ್ ಅನ್ನೋ ಚಿಕ್ಕ ಘಟಕಗಳಾಗಿ, ನೋಡ್ ಅನ್ನೋ ಮೆಷಿನ್‌ಗಳ ಮೇಲೆ ಓಡಿಸೋದು) ಇರೋದು ಎಡಬ್ಲ್ಯೂಎಸ್, ಅಂದ್ರೆ ಅಮೆಜಾನ್ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿ. ಇಕೆಎಸ್ (ಅಮೆಜಾನೇ ನಡೆಸಿಕೊಡೋ ಕುಬರ್ನೆಟಿಸ್) ಅಲ್ಲ, ಇಸಿ2 ಬಾಡಿಗೆ ಮೆಷಿನ್‌ಗಳ ಮೇಲೆ ಕ್ಯೂಬ್‌ಅಡ್ಮಿನ್ ಅನ್ನೋ ಟೂಲ್ ಹಾಕಿ ನಾವೇ ಕಟ್ಟಿದ್ದು. ವಿಪಿಸಿ, ಅಂದ್ರೆ ಅಲ್ಲಿ ನಮ್ಮ ಖಾಸಗಿ ನೆಟ್‌ವರ್ಕ್, 10.40.0.0/16 (ಓರೆಗೆರೆ ಆದ್ಮೇಲಿನ ನಂಬರ್ ಚಿಕ್ಕದಾದಷ್ಟೂ ರೇಂಜ್ ದೊಡ್ಡದು), ಮೂರು ಝೋನ್‌ಗೆ ಮೂರು ಸಬ್‌ನೆಟ್. ನೆಟ್‌ವರ್ಕ್ ಪ್ಲಗಿನ್ ಕ್ಯಾಲಿಕೊ, ವಿಎಕ್ಸ್‌ಲ್ಯಾನ್ ಮೋಡ್ (ಪಾಡ್‌ನ ಪ್ಯಾಕೆಟ್‌ನ ಇನ್ನೊಂದು ಪ್ಯಾಕೆಟ್ ಒಳಗೆ ಸುತ್ತಿ ಕಳಿಸೋದು). ಪಾಡ್‌ಗಳಿಗೆ 10.244.0.0/16. ಯಾಕೆ ಅದೇ ಅಂತ ಕೇಳ್ಬೇಡಿ, ನೋಡ್ಕೊಂಡು ಮಾಡಿದ ಟ್ಯುಟೋರಿಯಲ್‌ನಲ್ಲಿ ಹಂಗೇ ಇತ್ತು.

ಆಫೀಸಿನ ಡೇಟಾ ಸೆಂಟರ್ ಬೆಂಗಳೂರಲ್ಲೇ ಇದೆ. ದಾರಿ ಹೀಗೆ: ಎಡಬ್ಲ್ಯೂಎಸ್‌ನ ಟ್ರಾನ್ಸಿಟ್ ಗೇಟ್‌ವೇ (ನೆಟ್‌ವರ್ಕ್‌ಗಳ ಜಂಕ್ಷನ್), ಅಲ್ಲಿಂದ ಐಪಿಸೆಕ್ ವಿಪಿಎನ್ ಅನ್ನೋ ಗೂಢಲಿಪಿ ಸುರಂಗ, ಆಮೇಲೆ ಆಫೀಸ್ ಫೈರ್‌ವಾಲ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರೋದು 10.241.8.20ರಲ್ಲಿ.

ನೋಡ್‌ಗೆ ಎಸ್‌ಎಸ್‌ಎಚ್ ಮಾಡಿ ಅಲ್ಲಿಂದ ಕನೆಕ್ಟ್ ಮಾಡಿದ್ರೆ ಟಕ್ ಅಂತ ಆಗುತ್ತೆ. ಅದೇ ನೋಡ್ ಮೇಲಿರೋ ಪಾಡ್ ಒಳಗಿಂದ ಮಾಡಿದ್ರೆ ಟೈಮ್‌ಔಟ್. ನೋಡ್‌ನ ನೆಟ್‌ವರ್ಕ್ ಕಾರ್ಡ್ ಈಥ್0ನಲ್ಲಿ ಟಿಸಿಪಿಡಂಪ್ (ಪ್ಯಾಕೆಟ್ ನೋಡೋ ಟೂಲ್) ಹಾಕಿ ಕೂತ್ಕೊಂಡೆ. ಕನೆಕ್ಷನ್ ಕೇಳೋ ಸಿನ್ ಪ್ಯಾಕೆಟ್ ಹೊರಗೆ ಹೋಗೋದು ಕಣ್ಣಿಗೆ ಕಾಣುತ್ತೆ. ಫೈರ್‌ವಾಲ್ ನೋಡ್ಕೊಳ್ಳೋ ಸರ್‌ಗೆ ಫೋನ್ ಮಾಡಿದ್ರೆ "ನಮ್ಮ ಹತ್ರ ಏನೂ ಬಂದಿಲ್ಲಪ್ಪ" ಅಂತಾರೆ. ಹಾಗಾದ್ರೆ ಪ್ಯಾಕೆಟ್ ಹೋಗಿದ್ದೆಲ್ಲಿಗೆ?

ಕುಡ್ಲ ಪ್ಯಾಕೆಟ್ | ಸೋಮವಾರ, ರಾತ್ರಿ 10:05

ಟಿಸಿಪಿಡಂಪ್‌ನಲ್ಲಿ ಸೋರ್ಸ್ ಅಡ್ರೆಸ್ ಎಂತ ಉಂಟು ಮಾರಾಯ್ರೆ? ಅದನ್ನೇ ಹೇಳ್ಲಿಲ್ಲ ನೀವು.

ತುಮಕೂರಿನವ | ಸೋಮವಾರ, ರಾತ್ರಿ 10:09

10.244.37.12. ಪಾಡ್‌ದೇ.

ಕುಡ್ಲ ಪ್ಯಾಕೆಟ್ | ಸೋಮವಾರ, ರಾತ್ರಿ 10:12

ಅಲ್ಲೇ ಉಂಟು ನೋಡಿ. ಕ್ಯಾಲಿಕೊ ಸಾಮಾನ್ಯವಾಗಿ ಕ್ಲಸ್ಟರ್ ಬಿಟ್ಟು ಹೊರಗೆ ಹೋಗುವ ಪ್ಯಾಕೆಟ್‌ಗೆ ನೋಡ್‌ನ ಐಪಿ ಹಾಕಿ ಕಳಿಸ್ತದೆ. ನಿಮ್ಮದರಲ್ಲಿ ಪಾಡ್ ಐಪಿಯೇ ಹೊರಟಿದೆ ಅಂದ್ರೆ ಐಪಿ ಪೂಲ್‌ನಲ್ಲಿ (ಪಾಡ್‌ಗಳಿಗೆ ಹಂಚುವ ವಿಳಾಸಗಳ ರಾಶಿ) ಆ ವಿಳಾಸ ಬದಲಿಸುವ ನ್ಯಾಟ್‌ಔಟ್‌ಗೋಯಿಂಗ್ ಅನ್ನು ಯಾರೋ ಆಫ್ ಮಾಡಿದ್ದಾರೆ.

ತುಮಕೂರಿನವ | ಸೋಮವಾರ, ರಾತ್ರಿ 10:15

ನಾನೇ ಮಾಡಿದ್ದು 😬 ಸೆಕ್ಯುರಿಟಿ ಟೀಮ್‌ನವರು "ಡೇಟಾಬೇಸ್ ಲಾಗ್‌ನಲ್ಲಿ ಎಲ್ಲಾ ನೋಡ್ ಐಪಿನೇ ಕಾಣುತ್ತೆ, ಯಾವ ಅಪ್ಲಿಕೇಶನ್ ಅಂತ ಗೊತ್ತಾಗಲ್ಲ, ಪಾಡ್ ಐಪಿ ಬೇಕು" ಅಂದ್ರು. ಅದಕ್ಕೇ ತೆಗೆದೆ.

ಸಬ್‌ನೆಟ್ ಶಾನುಭೋಗ | ಸೋಮವಾರ, ರಾತ್ರಿ 10:48

ಊಟ ಮುಗಿಸಿ ಬಂದೆ. ಇದು ಒಂದು ತೊಂದರೆ ಅಲ್ಲ, ಒಂದರ ಹಿಂದೆ ಒಂದು ಮೂರು ನಿಂತಿವೆ. ಮೊದಲನೆಯದನ್ನು ಸರಿ ಮಾಡಿದರೆ ಎರಡನೆಯದು ಸಿಕ್ಕುತ್ತದೆ.

ಈಥ್0ನಲ್ಲಿ ಹೊರಗೆ ಹೋದದ್ದು ಕಂಡಿತು ಎಂದರೆ ನಿಮ್ಮ ಲಿನಕ್ಸ್ ಅದನ್ನು ಕೈ ದಾಟಿಸಿತು ಎಂದಷ್ಟೇ ಅರ್ಥ. ಅದರಾಚೆ ಇರುವುದು ನಿಜವಾದ ವೈರ್ ಅಲ್ಲ, ಎಡಬ್ಲ್ಯೂಎಸ್‌ನ ಸಾಫ್ಟ್‌ವೇರ್. ಪ್ರತಿ ಇಸಿ2 ಇಂಟರ್‌ಫೇಸ್‌ಗೂ "ಸೋರ್ಸ್ ಡೆಸ್ಟಿನೇಶನ್ ಚೆಕ್" ಅಂತ ಒಂದು ಕಾವಲು ಇದೆ. ಹೊರಡುವ ಪ್ಯಾಕೆಟ್‌ನ ಸೋರ್ಸ್ ಆ ಇಂಟರ್‌ಫೇಸ್‌ಗೆ ಕೊಟ್ಟ ಐಪಿ ಆಗಿರಬೇಕು, ಇಲ್ಲವಾದರೆ ಸದ್ದಿಲ್ಲದೆ ಬಿಸಾಕುತ್ತದೆ. ಹುಟ್ಟಾ ಆನ್ ಇರುತ್ತದೆ. 10.244.37.12 ಯಾರೆಂದು ವಿಪಿಸಿಗೆ ಗೊತ್ತೇ ಇಲ್ಲ. ನಿಮ್ಮ ಪಾಡ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಸುಖವಾಗಿರುವುದು ಯಾಕೆಂದರೆ ಅಲ್ಲಿ ವಿಎಕ್ಸ್‌ಲ್ಯಾನ್ ಲಕೋಟೆಯ ಮೇಲೆ ನೋಡ್‌ನ ವಿಳಾಸ ಬರೆದಿರುತ್ತದೆ. ಕಾವಲುಗಾರ ಲಕೋಟೆ ಮಾತ್ರ ನೋಡುತ್ತಾನೆ, ಒಳಗಿನ ಕಾಗದ ನೋಡುವುದಿಲ್ಲ.

ಆ ಚೆಕ್ ಆಫ್ ಮಾಡಿ ನೋಡಿ. ಆಗಲೂ ಕನೆಕ್ಟ್ ಆಗುವುದಿಲ್ಲ, ಆದರೆ ಫೈರ್‌ವಾಲ್‌ನವರು ಬೇರೆ ಮಾತು ಹೇಳುತ್ತಾರೆ. ಅವರು ಏನೆನ್ನುತ್ತಾರೋ ಬಂದು ಬರೆಯಿರಿ.

ಹುಬ್ಬಳ್ಳಿ ಹಾಪ್ | ಸೋಮವಾರ, ರಾತ್ರಿ 11:02

ಶಾನುಭೋಗರ, ಸಸ್ಪೆನ್ಸ್ ಇಟ್ಟು ಹೋಗಬ್ಯಾಡ್ರಿ. ಪಾಪ ಹುಡುಗಂಗ ಬುಧವಾರ ಡೆಮೊ ಐತಿ.

ತುಮಕೂರಿನವ | ಮಂಗಳವಾರ, ಬೆಳಿಗ್ಗೆ 11:20

ಸರ್, ಮಾಡಿದೆ. ಈಗ ಫೈರ್‌ವಾಲ್‌ಗೆ ಬರ್ತಿದೆಯಂತೆ. ಆದ್ರೆ ಲಾಗ್‌ನಲ್ಲಿ "ಅಡ್ರೆಸ್ ಸ್ಪೂಫಿಂಗ್, ಡ್ರಾಪ್" ಅಂತ ಕೆಂಪಗೆ ತೋರಿಸ್ತಿದೆ. ಸರ್ ನನ್ನನ್ನೇ ಗುಮಾನಿಯಿಂದ ನೋಡಿದ್ರು.

ಸಬ್‌ನೆಟ್ ಶಾನುಭೋಗ | ಮಂಗಳವಾರ, ಬೆಳಿಗ್ಗೆ 11:41

ಅದೇ ನಿರೀಕ್ಷೆ ಇತ್ತು. ಡೇಟಾ ಸೆಂಟರ್‌ಗೆ ಇಟ್ಟುಕೊಂಡ ರೇಂಜ್ ಯಾವುದು ಎಂದು ಅವರನ್ನೇ ಕೇಳಿ. ಡೇಟಾಬೇಸ್ 10.241ರಲ್ಲಿದೆ ಎಂದಾಗಲೇ ನನಗೆ ಸಂಶಯ ಬಂದಿತ್ತು. 10.240.0.0/12 ಇರಬೇಕು.

ತುಮಕೂರಿನವ | ಮಂಗಳವಾರ, ಬೆಳಿಗ್ಗೆ 11:50

ಹೌದು ಸರ್!! /12ನೇ. ಹೆಂಗೆ ಗೊತ್ತಾಯ್ತು?

ಸಬ್‌ನೆಟ್ ಶಾನುಭೋಗ | ಮಂಗಳವಾರ, ಮಧ್ಯಾಹ್ನ 12:15

ಇಪ್ಪತ್ತು ವರ್ಷ ಇದೇ ಪಹಣಿ ಬರೆದಿದ್ದೇನೆ.

10.240.0.0/12 ಎಂದರೆ 10.240ರಿಂದ 10.255ರವರೆಗೆ ಪೂರ್ತಿ ಅವರದು. ನಿಮ್ಮ 10.244 ಅದರ ನಟ್ಟ ನಡುವೆ ಕೂತಿದೆ. ಊರ ಭಾಷೆಯಲ್ಲಿ ಹೇಳುವುದಾದರೆ ಒತ್ತುವರಿ. ಫೈರ್‌ವಾಲ್ ದೃಷ್ಟಿಯಲ್ಲಿ 10.244 ಮನೆಯೊಳಗಿನ ವಿಳಾಸ. ಅದೇ ವಿಳಾಸ ಹೇಳಿಕೊಂಡು ಒಬ್ಬ ಬೀದಿ ಬಾಗಿಲು ತಟ್ಟಿದರೆ ಕಳ್ಳ ಎನ್ನದೆ ಇನ್ನೇನೆನ್ನುತ್ತದೆ? ಸ್ಪೂಫಿಂಗ್ ತಪಾಸಣೆ ತೆಗೆಸಿದಿರಿ ಎಂದೇ ಇಟ್ಟುಕೊಳ್ಳಿ, ಉತ್ತರ ಕೊಡುವಾಗ ಡೇಟಾಬೇಸ್ "10.244 ನಮ್ಮದೇ ಕೋರ್ ಸ್ವಿಚ್ ಕಡೆ" ಎಂದು ಅತ್ತ ಕಳಿಸುತ್ತದೆ. ವಿಪಿಎನ್ ಕಡೆ ತಿರುಗುವುದೇ ಇಲ್ಲ.

ಮೂರನೆಯದು, ಒತ್ತುವರಿ ಇಲ್ಲದಿದ್ದರೂ ಇರುತ್ತಿದ್ದದ್ದು. ವಾಪಸ್ ಬಂದ ಪ್ಯಾಕೆಟ್ ವಿಪಿಸಿಗೆ ತಲುಪಿದ ಮೇಲೆ ಯಾವ ನೋಡ್‌ಗೆ ಹೋಗಬೇಕು? ವಿಪಿಸಿಯ ರೂಟ್ ಟೇಬಲ್ ಎಂಬ ದಾರಿಪಟ್ಟಿಯಲ್ಲಿ ಪಾಡ್ ರೇಂಜೇ ಇಲ್ಲ. ಕ್ಯಾಲಿಕೊ ನೋಡ್‌ಗಳಿಗೆ /26ರ ತುಂಡು ತುಂಡಾಗಿ ಹಂಚುತ್ತದೆ, ಒಂದು ತುಂಡಿಗೆ 64 ವಿಳಾಸ. ಪಾಡ್ ಹೆಚ್ಚಾದಂತೆ ಇನ್ನೊಂದು ತುಂಡು. ಅದನ್ನೆಲ್ಲ ಕೈಯಲ್ಲಿ ರೂಟ್ ಟೇಬಲ್‌ಗೆ ಬರೆಯುತ್ತಾ ಕೂತರೆ ಆಟೋಸ್ಕೇಲಿಂಗ್ ಆಗಿ ನೋಡ್‌ಗಳು ತಾವಾಗಿಯೇ ಹೆಚ್ಚಿದ ದಿನ ನಿಮ್ಮ ಕತೆ ಮುಗಿಯಿತು.

ಸದ್ಯಕ್ಕೆ ನ್ಯಾಟ್‌ಔಟ್‌ಗೋಯಿಂಗ್ ಮತ್ತೆ ಆನ್ ಮಾಡಿ, ಡೆಮೊ ಮುಗಿಸಿ. ಪಾಡ್ ಐಪಿ ಹೊರಗೆ ಕಾಣಬೇಕೇ ಬೇಡವೇ ಎಂಬುದು ನಿಧಾನವಾಗಿ ಮಾತಾಡುವ ವಿಷಯ.

ಯಾಮಲ್ ಅಕ್ಕ | ಮಂಗಳವಾರ, ಮಧ್ಯಾಹ್ನ 1:30

ತಮ್ಮಾ, ಪಾಡ್ ರೇಂಜ್ ಮಾತ್ರ ನೋಡ್ಬೇಡ, ಸರ್ವಿಸ್ ರೇಂಜೂ ನೋಡು (ಸರ್ವಿಸ್ ಅಂದ್ರೆ ಒಂದಷ್ಟು ಪಾಡ್‌ಗಳ ಮುಂದೆ ಮಡಗೋ ಬದಲಾಗದ ಐಪಿ). ಕ್ಯೂಬ್‌ಅಡ್ಮಿನ್ ನಾವೇನೂ ಹೇಳ್ದಿದ್ರೆ 10.96.0.0/12 ತಗೊಂಬುಡ್ತದೆ. 10.96ರಿಂದ 10.111ರ ತನಕ ಅದರದ್ದೇ.

ಇದರ ಕಾಟ ಇನ್ನೂ ಕೆಟ್ದು ಕಣಪ್ಪ. ನಮ್ಮ ಹಿಂದಿನ ಕಂಪ್ನಿಲಿ ಲಾಗಿನ್ ಪರೀಕ್ಷೆ ಮಾಡೋ ಎಲ್‌ಡ್ಯಾಪ್ ಸರ್ವರ್ 10.101ರಲ್ಲಿತ್ತು. ಸರ್ವಿಸ್ ಐಪಿಗೆ ಬಂದದ್ನ ಪಾಡ್‌ಗೆ ತಿರುಗಿಸೋ ಕ್ಯೂಬ್‌ಪ್ರಾಕ್ಸಿ, ಐಪಿಟೇಬಲ್ಸ್ ಮೋಡ್‌ನಲ್ಲಿ ಹಿಡ್ಕೊಳದು ಹಂಚಿ ಆಗಿರೋ ಸರ್ವಿಸ್ ಐಪಿಗಳ್ನ ಮಾತ್ರ, ಉಳಿದವು ಮಾಮೂಲಿ ದಾರಿಲಿ ಹೊರಕ್ಕೆ ಹೋಯ್ತವೆ. ಹಂಗಾಗಿ ಎಂಟು ತಿಂಗ್ಳು ಎಲ್ಲಾ ನೆಟ್ಟಗಿತ್ತು. ಒಂದಿನ ಯಾರೋ ಹೊಸ ಸರ್ವಿಸ್ ಮಾಡುದ್ರು, ಅದ್ಕೆ ಎಲ್‌ಡ್ಯಾಪ್‌ನ ಐಪಿನೇ ಬಿತ್ತು. ಪಾಡ್‌ಗಳಿಂದ ಲಾಗಿನ್ ಎಲ್ಲಾ ಬಂದ್. ಎಂಟು ತಿಂಗ್ಳು ನಡೀತಿದ್ದದ್ದು ಇದ್ದಕ್ಕಿದ್ದಂಗೆ ನಿಂತ್ರೆ ಯಾರ್ ತಾನೆ ಐಪಿ ಡಿಕ್ಕಿ ಅಂದ್ಕಂಡಾರು? ಎರಡು ದಿನ ಎಲ್‌ಡ್ಯಾಪ್ ಸರ್ವರ್‌ನೇ ಬೈಕಂಡು ಕೂತಿದ್ವಿ.

ಆವಾಗ ಸರ್ವಿಸ್ ರೇಂಜ್ ಬದಲಾಯಿಸ್ಬೇಕು ಅಂದ್ರೆ ಕ್ಲಸ್ಟರನ್ನೇ ಹೊಸದಾಗಿ ಕಟ್ಟದೇ ವಾಸಿ ಅನ್ನಂಗಿತ್ತು. ಕುಬರ್ನೆಟಿಸ್ 1.33ರಿಂದ ಎರಡನೇ ರೇಂಜ್ ಸೇರಿಸ್ಬೋದು, ಸ್ಟೇಬಲ್ ಆಗದೆ.

ಕುಡ್ಲ ಪ್ಯಾಕೆಟ್ | ಮಂಗಳವಾರ, ಮಧ್ಯಾಹ್ನ 1:44

ಕಂಟೇನರ್ ಓಡಿಸುವ ಡಾಕರ್‌ದ್ದು ಹೇಳ್ಲೇ ಇಲ್ಲ ಯಾರೂ. ಅದರ ಒಳಗಿನ ನೆಟ್‌ವರ್ಕ್, ಬ್ರಿಡ್ಜ್ ಅಂತ, 172.17.0.0/16 ಹಿಡ್ಕೊಂಡು ಕೂತಿರ್ತದೆ. ಒಂದು ಕ್ಲೈಂಟ್‌ನವರ ವಿಪಿಎನ್ ಕೂಡ 172.17ರಲ್ಲೇ. ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಆನ್ ಮಾಡಿದ ಕೂಡ್ಲೇ ಕ್ಲೈಂಟ್ ಕಾಣೆ. ಬಿಲ್ ಕಳಿಸುವ ದಿನ ಮಾತ್ರ ಆಫ್ ಮಾಡ್ತಿದ್ದೆವು 😄

ತುಮಕೂರಿನವ | ಮಂಗಳವಾರ, ಸಂಜೆ 5:35

ನ್ಯಾಟ್ ಆನ್ ಮಾಡಿದೆ. ಕನೆಕ್ಟ್ ಆಯ್ತು!! ಎಲ್ರಿಗೂ ಕೈ ಮುಗಿದೆ.

ತುಮಕೂರಿನವ | ಮಂಗಳವಾರ, ಸಂಜೆ 6:20

ಮುಗಿದಿದ್ದು ಬೇಗ ಆಯ್ತು. ಲಾಗಿನ್ ಆಗುತ್ತೆ, "ಸೆಲೆಕ್ಟ್ 1" ಬರುತ್ತೆ, ಹತ್ತು ಸಾಲಿನ ಟೇಬಲ್ ಬರುತ್ತೆ. ರಿಪೋರ್ಟ್ ಕ್ವೆರಿ ಓಡಿಸಿದ್ರೆ ಹಂಗೇ ನಿಂತು ಬಿಡುತ್ತೆ. ಎರರ್ ಇಲ್ಲ, ಏನಿಲ್ಲ, ಕರ್ಸರ್ ಮಿಣಿ ಮಿಣಿ ಅಂತಿರುತ್ತೆ. ಡೇಟಾಬೇಸ್‌ನವರು "ನಮ್ಮ ಕಡೆ ಕ್ವೆರಿ ಮುಗಿದು ಕಳಿಸ್ತಾ ಇದೀವಿ" ಅಂತಾರೆ. ಪಿಂಗ್ ಚೆನ್ನಾಗೇ ಹೋಗುತ್ತೆ.

ರೈನ್ ದಂಡೆ | ಮಂಗಳವಾರ, ಸಂಜೆ 6:27

ಸಣ್ಣದು ಹೋಗತ್ತೆ, ದೊಡ್ಡದು ನಿಲ್ಲತ್ತೆ. ಎಂಟಿಯು, ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ. ಪಂದ್ಯ ಕಟ್ಟೋಕೆ ರೆಡಿ.

ಹುಬ್ಬಳ್ಳಿ ಹಾಪ್ | ಮಂಗಳವಾರ, ಸಂಜೆ 6:55

ಪಂದ್ಯಾ ಕಟ್ಟೂದೇ ಬ್ಯಾಡ, ಅದೇ ಅದ. ಪಾಡ್ ಒಳಗಿಂದ ಪಿಂಗ್ ಮಾಡ್ರಿ, ಆದ್ರ "ತುಂಡು ಮಾಡಬ್ಯಾಡ" ಅನ್ನೂ ಆಯ್ಕೆ ಹಾಕಿ, ಸೈಜ್ ಕೊಟ್ಟು. ಮದಲ 1400 ಕೊಡ್ರಿ, ಆಮ್ಯಾಲೆ 1450, ಆಮ್ಯಾಲೆ 1472. ನೀವು ಕೊಡೂ ಸೈಜಿಗೆ 28 ಬೈಟ್ ಹೆಡರ್ ಕೂಡತೈತಿ ಅಂತ ನೆನಪಿಟ್ಕೋರಿ, 1472 ಅಂದ್ರ 1500.

ತುಮಕೂರಿನವ | ಮಂಗಳವಾರ, ಸಂಜೆ 7:10

1400 ಹೋಯ್ತು. 1450 ಹೋಗ್ಲಿಲ್ಲ. 1472 ಕೂಡ ಇಲ್ಲ. "ಪ್ಯಾಕೆಟ್ ದೊಡ್ಡದಾಯ್ತು" ಅಂತ ಯಾರೂ ಹೇಳ್ತಾನೂ ಇಲ್ಲ, ಸುಮ್ನೆ ಉತ್ತರ ಬರಲ್ಲ.

ಹುಬ್ಬಳ್ಳಿ ಹಾಪ್ | ಮಂಗಳವಾರ, ರಾತ್ರಿ 8:05

ಹೇಳ್ತಿಲ್ಲಲ್ಲ, ಅದೇ ರೋಗ.

ಲೆಕ್ಕ ನೋಡ್ರಿ. ಇಸಿ2 ಇಂಟರ್‌ಫೇಸ್ ವಿಪಿಸಿ ಒಳಗ 9001 ಬೈಟ್ ತನಕ ಒಯ್ತೈತಿ. ವಿಎಕ್ಸ್‌ಲ್ಯಾನ್ ತನ್ನ ಲಕೋಟಿಗೆ 50 ತಗೋತೈತಿ, ಹಂಗಾಗಿ ಕ್ಯಾಲಿಕೊ ಪಾಡ್‌ಗೆ 8951 ಇಟ್ಟಿರತೈತಿ. ಒಳಗ ಓಡ್ಯಾಡಾಕ ಭಾಳ ಛಲೋ, ಹೆದ್ದಾರಿ ಇದ್ದಂಗ. ಆದ್ರ ಐಪಿಸೆಕ್ ವಿಪಿಎನ್ ಅನ್ನೂದು ಸಂದಿ. ಗೂಢಲಿಪಿ ಹೆಡರು, ಪ್ಯಾಡಿಂಗು ಎಲ್ಲಾ ತಗದ್ರ 1446 ಉಳಿದ್ರ ದೊಡ್ಡದು.

ಡೇಟಾಬೇಸ್ ಸರ್ವರ್‌ಗೆ ತನ್ನ ಈಥರ್ನೆಟ್ 1500 ಅಂತ ಅಷ್ಟೇ ಗೊತ್ತು. ಕ್ವೆರಿ ಉತ್ತರಾನ 1500ರ ಪ್ಯಾಕೆಟ್ ಮಾಡಿ, "ತುಂಡು ಮಾಡಬ್ಯಾಡ" ಅಂತ ಗುರುತು ಹಾಕಿ ಕಳಸ್ತೈತಿ. ವಿಪಿಎನ್ ಬಾಗಿಲಿಗೆ ಬಂದಾಗ ಹಿಡಸೂದಿಲ್ಲ. ಆವಾಗ ಆ ಬಾಗಿಲು "ಸಣ್ಣದು ಮಾಡಿ ಕಳಸು" ಅಂತ ಐಸಿಎಂಪಿ ಸುದ್ದಿ ವಾಪಸ್ ಕಳಿಸಬೇಕು, ಟೈಪ್ 3, ಕೋಡ್ 4. ಅದನ್ನ ನಿಮ್ಮ ಫೈರ್‌ವಾಲ್ ನುಂಗೇತಿ. "ಐಸಿಎಂಪಿ ಅಂದ್ರ ಡೇಂಜರ್" ಅಂತ ಎಲ್ಲೋ ಓದಿ, ಪಿಂಗ್ ಒಂದ ಬಿಟ್ಟು ಉಳಿದದ್ದು ಬಂದ್ ಮಾಡಿರ್ತಾರ. ನಾ ಕೆಲಸ ಮಾಡಿದ ಕಡೆ ಎಲ್ಲಾ ಇದೇ ಹಣೇಬರಹ. ಲಾಗಿನ್ ಸಣ್ಣ ಪ್ಯಾಕೆಟ್, ದಾಟತೈತಿ. ರಿಪೋರ್ಟ್ ದೊಡ್ಡದು, ಅಲ್ಲೇ ಸಾಯತೈತಿ.

ಎರಡು ಕೆಲಸ ಹೇಳ್ರಿ ಅವರಿಗೆ: ಆ ಐಸಿಎಂಪಿ ಬಿಡ್ರಿ ಅಂತ, ಮತ್ತ ವಿಪಿಎನ್ ಪೆಟ್ಟಿಗ್ಯಾಗ ಎಂಎಸ್‌ಎಸ್ ಕ್ಲ್ಯಾಂಪ್ ಹಾಕ್ರಿ ಅಂತ. ಕ್ಲ್ಯಾಂಪ್ ಅಂದ್ರ ಟಿಸಿಪಿ ಕೈಕುಲುಕೂ ಹೊತ್ತಿನ್ಯಾಗ "ಇಷ್ಟಕ್ಕಿಂತ ದೊಡ್ಡ ತುತ್ತು ಕೊಡಬ್ಯಾಡ" ಅನ್ನೂ ನಂಬರನ್ನ ಪೆಟ್ಟಿಗಿನೇ ತಿದ್ದಿ ಬಿಡತೈತಿ, ಎರಡೂ ಕಡೆಗೆ. ಪಾಡ್ ಎಂಟಿಯು ಮುಟ್ಟಬ್ಯಾಡ್ರಿ. ಒಂದು ವಿಪಿಎನ್ ಸಲುವಾಗಿ ಇಡೀ ಕ್ಲಸ್ಟರ್‌ನ 1400ಕ್ಕ ಇಳಿಸಿದ್ರ ನೆಗಡಿ ಆತಂತ ಮೂಗು ಕೊಯ್ದಂಗ.

ಲ್ಯಾಬ್ ಮೇಷ್ಟ್ರು | ಮಂಗಳವಾರ, ರಾತ್ರಿ 9:15

ನಮ್ಮ ಕಾಲೇಜಿನ ಓಪನ್‌ಸ್ಟ್ಯಾಕ್‌ನಲ್ಲಿ (ನಾವೇ ನಡೆಸುವ ಕ್ಲೌಡ್) ಇದೇ ಎರಡು ಪಾಠ ಬೇರೆ ಹೆಸರಲ್ಲಿ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ನ್ಯೂಟ್ರಾನ್ ಪ್ರತಿ ಪೋರ್ಟ್‌ಗೂ "ಪೋರ್ಟ್ ಸೆಕ್ಯುರಿಟಿ" ಇಡುತ್ತದೆ. ವಿಎಂಗೆ (ವರ್ಚುವಲ್ ಮೆಷಿನ್) ಕೊಟ್ಟ ಐಪಿ, ಮ್ಯಾಕ್ ವಿಳಾಸ ಬಿಟ್ಟು ಬೇರೆ ಹೇಳಿಕೊಂಡು ಹೊರಟರೆ ಡ್ರಾಪ್. ಇಸಿ2 ಚೆಕ್‌ನ ಸೋದರಮಾವ ಅಂದುಕೊಳ್ಳಿ. "ಅಲೋಡ್ ಅಡ್ರೆಸ್ ಪೇರ್ಸ್"ಗೆ ಪಾಡ್ ರೇಂಜ್ ಸೇರಿಸಿದ ಮೇಲೆ ಹೋಯಿತು.

ಎಂಟಿಯು ಕತೆ ಇನ್ನೂ ಮಜಾ. ಕೆಳಗೆ 1500ರ ಸ್ವಿಚ್. ನ್ಯೂಟ್ರಾನ್ ತನ್ನ ವಿಎಕ್ಸ್‌ಲ್ಯಾನ್‌ಗೆ 50 ಕಳೆದು ವಿಎಂಗೆ 1450 ಕೊಟ್ಟಿತು. ವಿಎಂ ಒಳಗೆ ಕ್ಯಾಲಿಕೊ ಮತ್ತೊಂದು ವಿಎಕ್ಸ್‌ಲ್ಯಾನ್ ಸುತ್ತಿ 1400. ಹುಡುಗರು ಪಾಡ್‌ಗೆ 1450 ಅಂತಲೇ ಬರೆದಿದ್ದರು. ಲಕೋಟೆಯೊಳಗೆ ಲಕೋಟೆ ಹಾಕಿ ಅಂಚೆ ಡಬ್ಬಿಗೆ ತುರುಕಿದ ಹಾಗೆ.

ಹೀಗೆ ಎರಡು ಸಲ ಸುತ್ತುವುದು ಬೇಡ ಅಂತಲೇ ಕುರಿಯರ್ ಅನ್ನುವ ಪ್ರಾಜೆಕ್ಟ್ ಹುಟ್ಟಿದ್ದು. ಪಾಡ್‌ಗೆ ನೇರ ನ್ಯೂಟ್ರಾನ್ ಪೋರ್ಟನ್ನೇ ಕೊಡುತ್ತಿತ್ತು, ವಿಎಂ ಒಳಗಿನ ಪಾಡ್ ಆದರೆ ಟ್ರಂಕ್ ಪೋರ್ಟ್ ಮೇಲೆ ವಿಲ್ಯಾನ್ ಹಾಕಿ. ಯೋಚನೆ ಚೆಂದವಿತ್ತು. ಆದರೆ ಪಾಡ್ ಒಂದೊಂದಕ್ಕೂ ನ್ಯೂಟ್ರಾನ್ ಹತ್ತಿರ ಪೋರ್ಟ್ ಕೇಳಬೇಕು. ಒಟ್ಟಿಗೆ ನೂರಾರು ಪಾಡ್ ಎದ್ದಾಗ ನಮ್ಮ ನ್ಯೂಟ್ರಾನ್ ಉಸಿರು ಬಿಡುತ್ತಿರಲಿಲ್ಲ.

ತುಮಕೂರಿನವ | ಬುಧವಾರ, ಮಧ್ಯಾಹ್ನ 3:40

ಡೆಮೊ ಆಯ್ತು! ಎಂಎಸ್‌ಎಸ್ 1360ಕ್ಕೆ ಕ್ಲ್ಯಾಂಪ್ ಮಾಡಿದಾರೆ. ರಿಪೋರ್ಟ್ ಬರ್ತಿದೆ. ಹುಬ್ಬಳ್ಳಿ ಅಣ್ಣಂಗೆ ಗಿರ್ಮಿಟ್ ನನ್ನ ಲೆಕ್ಕ.

ಈಗ ಸೆಕ್ಯುರಿಟಿಯವರ ಮಾತಿಗೆ ಬರೋಣ. ಅವರಿಗೆ ಇನ್ನೂ ಪಾಡ್ ಐಪಿ ಬೇಕು. ಮ್ಯಾನೇಜರ್ "ಇಕೆಎಸ್‌ಗೆ ಹೋಗ್ಬಿಡೋಣ, ಅಲ್ಲಿ ಪಾಡ್‌ಗೆ ವಿಪಿಸಿ ಐಪಿನೇ ಸಿಗುತ್ತಂತಲ್ಲ" ಅಂತಿದಾರೆ. ಹೋಗ್ಬೋದಾ?

ರೈನ್ ದಂಡೆ | ಬುಧವಾರ, ಸಂಜೆ 5:05

ನನ್ನ ಓಟು ಅದಕ್ಕೇ. ಇಕೆಎಸ್‌ನ ನೆಟ್‌ವರ್ಕ್ ಪ್ಲಗಿನ್ ವಿಪಿಸಿ ಸಿಎನ್‌ಐನಲ್ಲಿ ಓವರ್‌ಲೇ ಇಲ್ಲ, ಲಕೋಟೆ ಇಲ್ಲ, ಪಾಡ್ ಐಪಿ ಅಂದ್ರೆ ಸಬ್‌ನೆಟ್‌ನ ಅಸಲಿ ಐಪಿ. ರೂಟ್ ಟೇಬಲ್, ಫ್ಲೋ ಲಾಗ್, ಸೆಕ್ಯುರಿಟಿ ಗ್ರೂಪ್ ಎಲ್ಲಾ ಪಾಡ್ ಮಟ್ಟಕ್ಕೆ ಬರತ್ತೆ. ಏನಾದ್ರೂ ಕೆಟ್ಟಾಗ ಹುಡುಕೋಕೆ ಒಂದು ಪದರ ಕಮ್ಮಿ. ನಾವು ಇಲ್ಲಿ ಗೂಗಲ್‌ನ ಕುಬರ್ನೆಟಿಸ್ ಆದ ಜಿಕೆಇಯಲ್ಲೂ ಅದೇ ಥರ ಇಟ್ಟಿದೀವಿ, ಪಾಡ್‌ಗಳಿಗೆ ಸಬ್‌ನೆಟ್‌ನ ಸೆಕೆಂಡರಿ ರೇಂಜ್. ಮೂರು ವರ್ಷ ಆಯ್ತು, ಇಂಥ ಪ್ರಶ್ನೆ ಕೇಳೋ ಪ್ರಸಂಗ ಬಂದಿಲ್ಲ.

ಒಂದು ವಿಷಯ: ಹೊರಗೆ ಪಾಡ್ ಐಪಿ ಕಾಣಬೇಕಂದ್ರೆ ಅಲ್ಲೂ ಒಂದು ಸ್ವಿಚ್ ಒತ್ತಬೇಕು. ವಿಪಿಸಿ ಬಿಟ್ಟು ಹೊರಗೆ ಹೋಗೋದಕ್ಕೆ ವಿಪಿಸಿ ಸಿಎನ್‌ಐ ಕೂಡ ಹುಟ್ಟಾ ನೋಡ್ ಐಪಿ ಹಾಕತ್ತೆ. "ಎಕ್ಸ್‌ಟರ್ನಲ್ ಎಸ್‌ನ್ಯಾಟ್" ಅನ್ನೋದನ್ನ ಟ್ರೂ ಮಾಡಬೇಕು.

ಸಬ್‌ನೆಟ್ ಶಾನುಭೋಗ | ಬುಧವಾರ, ರಾತ್ರಿ 9:30

ರೈನ್ ದಂಡೆಯವರಿಗೆ ಧಾರಾಳವಾದ ಜಮೀನು ಸಿಕ್ಕಿರಬೇಕು. ಎಲ್ಲರಿಗೂ ಸಿಗುವುದಿಲ್ಲ. ಜಿಕೆಇಯಲ್ಲಿ ಒಂದು ನೋಡ್‌ಗೆ 110 ಪಾಡ್ ಲೆಕ್ಕದಲ್ಲಿ ಪೂರ್ತಿ /24 ಎತ್ತಿಡುತ್ತದೆ. /16 ಕೊಟ್ಟರೂ 256 ನೋಡ್‌ಗೆ ಖಾಲಿ. ಪಾಡ್ ಮಿತಿಯನ್ನು 32ಕ್ಕೆ ಇಳಿಸಿದರೆ ನೋಡ್‌ಗೆ /26 ಸಾಕು, ಆಗ ಅದೇ /16ರಲ್ಲಿ 1024 ನೋಡ್.

ಇಕೆಎಸ್ ಲೆಕ್ಕ ಹೀಗಿದೆ. ಎಂ5.ಲಾರ್ಜ್ ಮಾದರಿಯ ನೋಡ್‌ಗೆ ಮೂರು ಇಂಟರ್‌ಫೇಸ್, ಒಂದೊಂದಕ್ಕೆ ಹತ್ತು ಐಪಿ. ಪ್ರತಿಯೊಂದರಲ್ಲೂ ಮೊದಲನೆಯ ಐಪಿ ಪಾಡ್‌ಗೆ ಸಿಗುವುದಿಲ್ಲ, ಹೋಸ್ಟ್ ನೆಟ್‌ವರ್ಕ್‌ನ ಎರಡು ಸೇರಿಸಿ ಒಟ್ಟು 29 ಪಾಡ್. ಮುಖ್ಯ ಹೊಡೆತ ಅದಲ್ಲ. ಪಾಡ್ ಬೇಗ ಏಳಲಿ ಎಂದು ಅದು ಒಂದು ಇಂಟರ್‌ಫೇಸನ್ನು ಐಪಿ ಸಮೇತ ಸದಾ ಬಿಸಿಯಾಗಿ ಇಟ್ಟಿರುತ್ತದೆ. ಹಾಗಾಗಿ ನಾಲ್ಕೇ ಪಾಡ್ ಇರುವ ನೋಡ್ ಕೂಡ ಇಪ್ಪತ್ತು ವಿಳಾಸ ಹಿಡಿದು ಕೂರುತ್ತದೆ. /24 ಸಬ್‌ನೆಟ್‌ನಲ್ಲಿ ಎಡಬ್ಲ್ಯೂಎಸ್ ಐದು ಇಟ್ಟುಕೊಂಡರೆ ನಿಮಗೆ 251. ಹನ್ನೆರಡು ನೋಡ್‌ಗೆ ಖಲಾಸ್. ಹದಿಮೂರನೆಯ ನೋಡ್‌ಗೆ ಉಳಿಯುವುದು ಹನ್ನೊಂದೇ, ಅದರಾಚೆ ಪಾಡ್‌ಗೆ ಐಪಿ ಇರುವುದಿಲ್ಲ. ಅಲ್ಲೇ ಲೋಡ್ ಬ್ಯಾಲೆನ್ಸರ್ ಇದ್ದರೆ ಅದಕ್ಕೂ ಉಪವಾಸ.

ಯಾಮಲ್ ಅಕ್ಕ | ಬುಧವಾರ, ರಾತ್ರಿ 9:58

ಬಿಸಿಯಾಗಿ ಇಟ್ಕೊಳದ್ನ ಕಮ್ಮಿ ಮಾಡ್ಬೋದು ಶಾನುಭೋಗ್ರೆ, ವಾರ್ಮ್ ಐಪಿ ಟಾರ್ಗೆಟ್ ಅಂತ ಅದೆ. ಪ್ರಿಫಿಕ್ಸ್ ಕೊಡದೂ ಅದೆ, ಒಂದೊಂದೇ ಐಪಿ ಬದ್ಲು /28, ಅಂದ್ರೆ 16ರ ಕಟ್ಟು. ಪಾಡ್ ಜಾಸ್ತಿ ಹಿಡಿಸ್ತವೆ. ಆದ್ರೆ ಹಳೇ ಸಬ್‌ನೆಟ್‌ನಲ್ಲಿ ಐಪಿಗಳು ಅಲ್ಲೊಂದು ಇಲ್ಲೊಂದು ಹರಡ್ಕಂಡಿದ್ರೆ 16 ಒಟ್ಟಿಗೆ ಸಿಕ್ಕದಿಲ್ಲ. ನೂರು ಐಪಿ ಖಾಲಿ ಅಂತ ಕನ್ಸೋಲ್ ತೋರಿಸ್ತದೆ, ಪಾಡ್ ಏಳಲ್ಲ. ಹೊಸ ಸಬ್‌ನೆಟ್‌ಲಿ ಮಾಡದೇ ಸರಿ.

ಸಬ್‌ನೆಟ್ ಶಾನುಭೋಗ | ಬುಧವಾರ, ರಾತ್ರಿ 10:20

ಒಪ್ಪಿದೆ ಅಕ್ಕ. ಆದರೆ ನನ್ನ ತಕರಾರು ಅದಕ್ಕಿಂತ ಹಿಂದಿನದು. ಪಾಡ್ ಐಪಿ ಆಫೀಸಿಗೆ ಕಾಣಬೇಕೆಂದು ಕೇಳುತ್ತಿರುವುದು ಯಾಕೆ? ಯಾವ ಅಪ್ಲಿಕೇಶನ್ ಎಂದು ತಿಳಿಯಲು. ಪಾಡ್ ಐಪಿ ಅದನ್ನು ಹೇಳುವುದಿಲ್ಲ! ಬೆಳಿಗ್ಗೆ ಬಿಲ್ಲಿಂಗ್‌ಗೆ ಇದ್ದ ಐಪಿ ಸಂಜೆ ಇನ್ಯಾವುದೋ ಬ್ಯಾಚ್ ಕೆಲಸಕ್ಕೆ ಸಿಕ್ಕಿರುತ್ತದೆ. ಮೂರು ತಿಂಗಳ ಹಿಂದಿನ ಲಾಗ್ ತೆಗೆದು 10.244.37.12 ಯಾರೆಂದು ಹೇಳುವವರು ಯಾರು? ಬಾಡಿಗೆದಾರ ದಿನಕ್ಕೊಬ್ಬ ಬದಲಾಗುವ ಮನೆಯ ನಂಬರ್ ಹಿಡಿದು ಕಂದಾಯ ವಸೂಲಿಗೆ ಹೋದ ಹಾಗೆ. ಅಪ್ಲಿಕೇಶನ್‌ಗೊಂದು ಡೇಟಾಬೇಸ್ ಯೂಸರ್ ಮಾಡಿ, ಸಾಧ್ಯವಾದರೆ ಸರ್ಟಿಫಿಕೇಟ್ ಕೊಡಿ. ಲಾಗ್‌ನಲ್ಲಿ ಹೆಸರೇ ಬರುತ್ತದೆ.

ಫೈರ್‌ವಾಲ್ ರೂಲ್‌ಗೆ ಒಂದು ಸ್ಥಿರ ಐಪಿ ಬೇಕೇ ಬೇಕು ಎಂದರೆ ಎಗ್ರೆಸ್ ಗೇಟ್‌ವೇ ಇದೆ, ಸಿಲಿಯಂ ಎಂಬ ಇನ್ನೊಂದು ನೆಟ್‌ವರ್ಕ್ ಪ್ಲಗಿನ್‌ನಲ್ಲಿ ಸಿಗುತ್ತದೆ. ಇಂಥ ಲೇಬಲ್ ಇರುವ ಪಾಡ್ ಇಂಥ ಕಡೆ ಹೋಗುವಾಗ ಈ ನೋಡ್‌ನ ಈ ಐಪಿಯಿಂದಲೇ ಹೊರಡಲಿ ಎಂದು ಬರೆಯಬಹುದು. ಅದೂ ಭಾರವೆನಿಸಿದರೆ ಬಿಲ್ಲಿಂಗ್‌ಗೆ ಎರಡು ನೋಡ್ ಪ್ರತ್ಯೇಕ ಇಟ್ಟು, ಬೇರೆ ಪಾಡ್ ಬರದಂತೆ ಟೇಂಟ್ ಹಾಕಿ, ಆ ಎರಡರ ಐಪಿ ಫೈರ್‌ವಾಲ್‌ಗೆ ಕೊಡಿ. ಹಳೆಯ ಉಪಾಯ, ನಡೆಯುತ್ತದೆ.

ರೈನ್ ದಂಡೆ | ಬುಧವಾರ, ರಾತ್ರಿ 10:41

ಗುರುತಿನ ವಿಚಾರ ಒಪ್ಪಿದೆ. ಆದ್ರೆ ಉಲ್ಟಾ ದಾರಿ? ಆಫೀಸಿನಿಂದ ಪಾಡ್‌ಗೆ ಬರಬೇಕಾದ್ರೆ?

ಯಾಮಲ್ ಅಕ್ಕ | ಬುಧವಾರ, ರಾತ್ರಿ 10:50

ಪಾಡ್‌ಗೆ ಯಾಕೆ ಬರ್ಬೇಕು? ಸರ್ವಿಸ್‌ಗೆ ಬರ್ಲಿ. ಇಂಟರ್ನಲ್ ಲೋಡ್ ಬ್ಯಾಲೆನ್ಸರ್ ಮಡಗು, ಅದ್ರ ಐಪಿ ವಿಪಿಸಿದು, ಆಫೀಸ್‌ಗೆ ದಾರಿ ಆಗ್ಲೇ ಗೊತ್ತು. ಪಾಡ್ ಹತ್ತು ಸಲ ಸತ್ತು ಹುಟ್ಟಿದ್ರೂ ಅವ್ರಿಗೆ ಏನೂ ತಿಳಿಯಕಿಲ್ಲ. ಎರಡು ವಿಪಿಸಿ ರೇಂಜ್ ಒಂದರ ಮೇಲೊಂದು ಬಿದ್ದಿದ್ರೆ ಪಿಯರಿಂಗ್ ಅನ್ನೋ ನೇರ ಜೋಡಣೆ ಆಗೋದೇ ಇಲ್ಲ, ಆದ್ರೆ ಪ್ರೈವೇಟ್‌ಲಿಂಕ್ ಆಯ್ತದೆ. ಅದ್ರಲ್ಲಿ ಈ ಕಡೆಯವ್ರಿಗೆ ತಮ್ಮ ಸಬ್‌ನೆಟ್‌ನ ಐಪಿಯೇ ಒಂದು ಬಾಗ್ಲು ಥರ ಕಾಣ್ತದೆ.

ಲ್ಯಾಬ್ ಮೇಷ್ಟ್ರು | ಗುರುವಾರ, ಬೆಳಿಗ್ಗೆ 8:10

ವಿಳಾಸಕ್ಕೆ ಬರವಿಲ್ಲದ ಐಪಿವಿ6 ಅನ್ನು ಯಾರೂ ಎತ್ತಲಿಲ್ಲವಲ್ಲ. ಡ್ಯುಯಲ್ ಸ್ಟ್ಯಾಕ್ (ಐಪಿವಿ4, ಐಪಿವಿ6 ಎರಡೂ ಒಟ್ಟಿಗೆ) ಕುಬರ್ನೆಟಿಸ್ 1.23ರಲ್ಲೇ ಸ್ಟೇಬಲ್ ಆಯಿತು. ಈ ಒತ್ತುವರಿ ವ್ಯಾಜ್ಯವೇ ಇರುವುದಿಲ್ಲ.

ಕುಡ್ಲ ಪ್ಯಾಕೆಟ್ | ಗುರುವಾರ, ಬೆಳಿಗ್ಗೆ 8:22

ಮೇಷ್ಟ್ರೇ, ಆಚೆ ಬದಿಯ ಡೇಟಾಬೇಸ್ ಪೆಟ್ಟಿಗೆ ಯಾವ ಕಾಲದ್ದು ಅಂತ ಒಮ್ಮೆ ಕೇಳಿ, ಆಮೇಲೆ ಮಾತಾಡುವ.

ತುಮಕೂರಿನವ | ಗುರುವಾರ, ಬೆಳಿಗ್ಗೆ 10:30

ಹಾಗಾದ್ರೆ ಇಕೆಎಸ್ ಸದ್ಯಕ್ಕೆ ಬೇಡ, ನ್ಯಾಟ್ ಇರ್ಲಿ. ಆದ್ರೂ ಪಾಡ್ ರೇಂಜ್ ಬದಲಾಯಿಸ್ಬೇಕಲ್ವಾ? ನಾಳೆ ಡೇಟಾ ಸೆಂಟರ್‌ನಲ್ಲಿ ಯಾರಾದ್ರೂ ನಿಜವಾಗ್ಲೂ 10.244ರಲ್ಲಿ ಸರ್ವರ್ ಇಟ್ರೆ, ಪಾಡ್‌ನಿಂದ ಅದು ಕಾಣೋದೇ ಇಲ್ಲ. 100.64ಕ್ಕೆ ಹೋಗಿ ಅಂತ ಕೆಲವರು ಬರೆದಿದಾರೆ.

ಹುಬ್ಬಳ್ಳಿ ಹಾಪ್ | ಗುರುವಾರ, ಬೆಳಿಗ್ಗೆ 11:15

ಸರಿಯಾಗಿ ಹಿಡದ್ರಿ. ಕ್ಯಾಲಿಕೊ ಆ ವಿಳಾಸಾನ ಕ್ಲಸ್ಟರ್ ಒಳಗಿನದು ಅಂತ ತಿಳಿತೈತಿ, ನ್ಯಾಟೂ ಆಗೂದಿಲ್ಲ, ಉತ್ತರಾನೂ ಬರೂದಿಲ್ಲ. ನ್ಯಾಟ್ ಒತ್ತುವರಿನ ಮುಚ್ಚತೈತಿ, ಅರ್ಧ ಮಾತ್ರ.

100.64.0.0/10 ಅನ್ನೂದು 2012ರಾಗ ಇಂಟರ್ನೆಟ್ ಕೊಡೂ ಕಂಪನಿಗಳ ದೊಡ್ಡ ನ್ಯಾಟ್ ಸಲುವಾಗಿ ತಗದಿಟ್ಟದ್ದು. ಆಫೀಸಿನವರು ಬಳಸೂದು ಕಮ್ಮಿ, ಅದಕ್ಕ ಪಾಡ್‌ಗೆ ಛಲೋ ಜಾಗಾ. ಹೊರಗ ಮಾತ್ರ ರೂಟ್ ಮಾಡಬ್ಯಾಡ್ರಿ.

ರೈನ್ ದಂಡೆ | ಗುರುವಾರ, ಬೆಳಿಗ್ಗೆ 11:40

ಟೇಲ್‌ಸ್ಕೇಲ್ ಅನ್ನೋ ವಿಪಿಎನ್ ಬಳಸೋರಿದ್ರೆ ಜೋಕೆ. ಅದು ಕೊಡೋ ಐಪಿಗಳೂ 100.64.0.0/10ರವೇ. ಡೆವಲಪರ್‌ಗಳು ಅದರ ಮೂಲಕ ನೋಡ್‌ಗೆ ಬರ್ತಿದ್ರೆ ಅಲ್ಲೂ ಡಿಕ್ಕಿ.

ತುಮಕೂರಿನವ | ಗುರುವಾರ, ಬೆಳಿಗ್ಗೆ 11:44

ಅಯ್ಯೋ ದೇವ್ರೆ. ನಾವೆಲ್ಲಾ ಅದನ್ನೇ ಬಳಸೋದು.

ಸಬ್‌ನೆಟ್ ಶಾನುಭೋಗ | ಗುರುವಾರ, ಮಧ್ಯಾಹ್ನ 12:30

ಊಹೆ ಮಾಡುತ್ತಾ ಕೂರಬೇಡಿ. ಫೈರ್‌ವಾಲ್ ಸರ್ ಹತ್ತಿರ ಒಂದು ಎಕ್ಸೆಲ್ ಶೀಟ್ ಇರುತ್ತದೆ, ಇದ್ದೇ ಇರುತ್ತದೆ. ಒಂದು ಕಾಫಿ ಕುಡಿಸಿ, ಅದರಲ್ಲಿ ಒಂದು ಸಾಲು ನಿಮ್ಮ ಕ್ಲಸ್ಟರ್ ಹೆಸರಿಗೆ ಬರೆಸಿಕೊಳ್ಳಿ. ಪಾಡ್‌ಗೊಂದು, ಸರ್ವಿಸ್‌ಗೊಂದು. ಹೊರಗೆ ರೂಟ್ ಮಾಡದಿದ್ದರೂ ಬರೆಸಿ. ಪೋಡಿ ಆಗದ ಜಮೀನಿನಲ್ಲಿ ಮನೆ ಕಟ್ಟಿದವರ ಗೋಳು ಈ ಮೂರು ದಿನದಲ್ಲಿ ನೋಡಿದಿರಲ್ಲ.

ಕ್ಯಾಲಿಕೊದಲ್ಲಿ ರೇಂಜ್ ಬದಲಿಸಲು ಹೊಸ ಐಪಿ ಪೂಲ್ ಸೇರಿಸಿ, ಹಳೆಯದನ್ನು ಡಿಸೇಬಲ್ ಮಾಡಿ, ಅಳಿಸಬೇಡಿ. ಆಮೇಲೆ ಡಿಪ್ಲಾಯ್‌ಮೆಂಟ್‌ಗಳನ್ನು ಒಂದೊಂದಾಗಿ ರೀಸ್ಟಾರ್ಟ್ ಮಾಡುತ್ತಾ ಬನ್ನಿ, ಹೊಸ ಪಾಡ್ ಹೊಸ ಪೂಲ್‌ನಲ್ಲಿ ಏಳುತ್ತದೆ. ಹಳೆಯ ಪೂಲ್‌ನಲ್ಲಿ ಒಂದು ಪಾಡೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಅದನ್ನು ತೆಗೆಯಿರಿ. ಕಂಟ್ರೋಲರ್ ಮ್ಯಾನೇಜರ್‌ನಲ್ಲಿ, ಕ್ಯೂಬ್‌ಪ್ರಾಕ್ಸಿಯಲ್ಲಿ ಕ್ಲಸ್ಟರ್ ರೇಂಜ್ ಎಂದು ಹಳೆಯದೇ ಬರೆದಿರುತ್ತದೆ, ಅದನ್ನೂ ತಿದ್ದಿ. ಜನ ಮರೆಯುವುದು ಇದನ್ನೇ.

ಯಾಮಲ್ ಅಕ್ಕ | ಗುರುವಾರ, ಮಧ್ಯಾಹ್ನ 1:05

ಹೆಸ್ರಿಂದ ಐಪಿ ಹುಡುಕೋ ಡಿಎನ್‌ಎಸ್ ಬಗ್ಗೆ ಒಂದ್ ಮಾತು. ಇವತ್ತು ಐಪಿ ಬರ್ದಿದೀಯ, ನಾಳೆ ಡೇಟಾಬೇಸ್‌ನವ್ರು ಹೆಸ್ರು ಕೊಡ್ತಾರೆ. ಕ್ಲಸ್ಟರ್‌ನ ಡಿಎನ್‌ಎಸ್ ಆದ ಕೋರ್‌ಡಿಎನ್‌ಎಸ್‌ನಲ್ಲಿ ಆಫೀಸ್ ಡೊಮೇನ್‌ಗೆ ಬೇರೆ ಫಾರ್ವರ್ಡ್ ಸಾಲು ಹಾಕು, ಆಫೀಸ್ ಡಿಎನ್‌ಎಸ್ ಕಡೆಗೆ. ಆ ಹೆಸ್ರಿನ ಕೊನೆಗೆ ಒಂದು ಚುಕ್ಕಿ ಇಡೋದ್ನ ಕಲಿ. ಪಾಡ್‌ನಲ್ಲಿ ಎನ್‌ಡಾಟ್ಸ್ 5 ಇರ್ತದೆ, ಹೆಸ್ರಲ್ಲಿ ಐದು ಚುಕ್ಕಿ ಇಲ್ದಿದ್ರೆ ಮೊದ್ಲು ಕ್ಲಸ್ಟರ್‌ನ ಮೂರು, ಇಸಿ2ದೊಂದು, ನಾಲ್ಕು ಬಾಲ ಅಂಟಿಸಿ ಹುಡುಕ್ತದೆ, ಕೊನೆಗೆ ಅಸಲಿ ಹೆಸ್ರು. ಐಪಿವಿ4ಗೆ ಒಂದು, ಐಪಿವಿ6ಗೆ ಒಂದು ಅಂತ ಹತ್ತು ಪ್ರಶ್ನೆ. ವಿಪಿಸಿ ಡಿಎನ್‌ಎಸ್ ಒಂದು ಇಂಟರ್‌ಫೇಸ್‌ಗೆ ಸೆಕೆಂಡಿಗೆ 1024 ಪ್ಯಾಕೆಟ್ ಮಾತ್ರ ತಗೊಳದು. ಎರಡೂ ಕೋರ್‌ಡಿಎನ್‌ಎಸ್ ಒಂದೇ ನೋಡ್ ಮೇಲೆ ಕೂತ್ರೆ ಗೊತ್ತಾಯ್ತದೆ.

ತುಮಕೂರಿನವ | ಶುಕ್ರವಾರ, ಸಂಜೆ 6:15

ಕಾಫಿ ಕುಡಿಸಿದೆ. ಎಕ್ಸೆಲ್ ಶೀಟ್ ಇತ್ತು 🙏 ಪಾಡ್‌ಗೆ 10.60.0.0/16, ಸರ್ವಿಸ್‌ಗೆ 10.61.0.0/20 ಅಂತ ಬರೆದುಕೊಟ್ರು. ಸ್ಟೇಜಿಂಗ್‌ನಲ್ಲಿ ಪಾಡ್ ಪೂಲ್ ಬದಲಾಯಿಸಿದೆ, ಅರ್ಧ ದಿನ ಹಿಡೀತು, ಏನೂ ಬಿದ್ದಿಲ್ಲ. ಸರ್ವಿಸ್ ರೇಂಜ್ ಮುಂದಿನ ಅಪ್‌ಗ್ರೇಡ್ ಜೊತೆ. ಸೆಕ್ಯುರಿಟಿಯವರು ಅಪ್ಲಿಕೇಶನ್‌ಗೊಂದು ಡೇಟಾಬೇಸ್ ಯೂಸರ್ ಅನ್ನೋದಕ್ಕೆ ಒಪ್ಪಿದ್ರು, "ಇದನ್ನ ಮೊದ್ಲೇ ಹೇಳೋದಲ್ವಾ" ಅಂತ ನನಗೇ ಬೈದು.

ಶೀಟ್ ನೋಡ್ತಾ ಇನ್ನೊಂದು ಗೊತ್ತಾಯ್ತು. ನಮ್ಮ ಆಫೀಸಲ್ಲೇ ಬೇರೆ ಟೀಮ್‌ಗಳದ್ದು ಇನ್ನೂ ಮೂರು ಕ್ಲಸ್ಟರ್ ಇದೆ. ಶೀಟ್‌ನಲ್ಲಿ ಒಂದೂ ಇಲ್ಲ. ಮೂರೂ 10.244.

ಸಬ್‌ನೆಟ್ ಶಾನುಭೋಗ | ಶುಕ್ರವಾರ, ಸಂಜೆ 6:40

ಅವಕ್ಕೂ ಆಫೀಸ್ ಕಡೆ ದಾರಿ ಬೇಕಂತೆಯೋ?

ತುಮಕೂರಿನವ | ಶುಕ್ರವಾರ, ಸಂಜೆ 6:43

ಒಂದಕ್ಕೆ ಬೇಕಂತೆ ಸರ್. ಸೋಮವಾರ. ನನಗೇ ಹೇಳಿದಾರೆ.

ಹುಬ್ಬಳ್ಳಿ ಹಾಪ್ | ಶುಕ್ರವಾರ, ಸಂಜೆ 6:50

ಗಿರ್ಮಿಟ್ ಎರಡು ಪ್ಲೇಟ್ ಆತು.